ಮ್ಯೂಸಿಯಂನ ಮೂರ್ತಿಗೆ ಅಕ್ಕ ಹೂವಿಟ್ಟು ಕೇಳಿದ್ದು

ಅಕ್ಕ ತನ್ನ ಜಡೆಯ ಹೂ ತೆಗೆದು ಮೂರ್ತಿಯ ತಲೆಯ ಮೇಲಿಟ್ಟು ಕೈಮುಗಿದಾಗ, ಗದರಿಸಲು ಬಾಯಿ ತೆರೆದಿದ್ದ ಮ್ಯೂಸಿಯಂನ ಕಾವಲುಗಾರ ಹಾಗೇ ನಿಂತುಬಿಟ್ಟ.

ಬೈಯಬೇಕೋ, ತಾನೂ ಕೈಮುಗಿಯಬೇಕೋ ಅವನಿಗೆ ತಿಳಿಯಲಿಲ್ಲ...

ಎಪ್ಪತ್ತರ ದಶಕದ ಮಾತು. ನಾವು ಕಲಬುರಗಿ ಕಡೆಯವರು. ಅಪ್ಪ ನಾಸಿಕದ ಪಂಚವಟಿಯಲ್ಲಿ ಒಂದು ಸೀರೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಅಕ್ಕ ಏಳನೇ ತರಗತಿ, ನಾನು ಐದನೇ. ಶಾಲೆಯವರು ಹುಡುಗಿಯರನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ಔರಂಗಾಬಾದಿನ ಕಲಾ ಮ್ಯೂಸಿಯಂ ತೋರಿಸಲು ಹೊರಟಿದ್ದರು. ಊರಿನ ಹೆಸರು ಆಗ ಅದೇ ಇತ್ತು.

ಅಲ್ಲಿ ಶಾಲೆ ಮಕ್ಕಳಿಗೆ ಕಲೆಯ ಬಗ್ಗೆ ಹೇಳಿಕೊಡಲೆಂದೇ ಒಬ್ಬ ಮೇಡಂ ಇದ್ದರು. ಒಳ್ಳೆಯವರು. "ಒಬ್ಬೊಬ್ಬರೂ ಒಂದು ಮೂರ್ತಿ ಆರಿಸಿಕೊಳ್ಳಿ. ಎದುರು ನಿಂತು ಅದಕ್ಕೇ ಪ್ರಶ್ನೆ ಕೇಳಿ. ಉತ್ತರ ಅದೇ ಕೊಡುತ್ತದೆ" ಎಂದು ಮರಾಠಿಯಲ್ಲಿ ಹೇಳಿ, ನಮ್ಮ ಟೀಚರ್ ಜೊತೆ ಚಹಾಕ್ಕೆ ಹೋದರು.

ನೀನು ಯಾರು, ನಿನ್ನ ಕೈಯಲ್ಲಿ ಏನಿದೆ, ನಿನ್ನನ್ನು ಕೆತ್ತಿದವರು ಯಾರು... ಇಂಥವನ್ನು ಕೇಳಲಿ ಎಂದು ಅವರ ಆಸೆ.

ಆದರೆ ಮೂರ್ತಿಗೆ ಪ್ರಶ್ನೆ ಕೇಳುವ ಕ್ರಮ ನಮ್ಮ ಮನೆಯಲ್ಲಿ ಬೇರೆಯೇ ಇತ್ತು. ತಲೆಯ ಮೇಲೆ ಹೂ ಇಡುವುದು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ನಮ್ಮಜ್ಜಿ ಎಮ್ಮೆ ಕೊಳ್ಳುವುದನ್ನೂ ಹೀಗೇ ಕೇಳಿ ತೀರ್ಮಾನಿಸುತ್ತಿದ್ದಳು.

ಅಕ್ಕ ಆರಿಸಿಕೊಂಡದ್ದು ತನ್ನಷ್ಟೇ ಎತ್ತರದ ಒಂದು ಕಲ್ಲಿನ ಹೆಂಗಸನ್ನು. ಬಲಗೈ ಮುರಿದಿತ್ತು, ಮುಖ ಮಾತ್ರ ಶಾಂತ.

"ಯವ್ವಾ, ನಾ ಮುಂದ ಸಾಲಿಗಿ ಹೋಗ್ಲೇನು?" ಎಂದು ಕೇಳಿದಳು.

ಏಳನೇ ಮುಗಿದ ಕೂಡಲೇ ಅವಳ ಶಾಲೆ ಬಿಡಿಸಿ, ಊರಿಗೆ ಅಜ್ಜಿಯ ಹತ್ತಿರ ಕಳಿಸುವುದೆಂದು ಅಪ್ಪ ಆಗಲೇ ನಿಶ್ಚಯ ಮಾಡಿದ್ದರು.

ಹೂ ಎಡಕ್ಕೆ ಬಿತ್ತು.

ಇನ್ನೊಮ್ಮೆ ಇಟ್ಟಳು. ಎಡಕ್ಕೇ.

ಹೂ ಕೇಳುವುದು ಆ ಕಡೆಯವರಿಗೂ ಹೊಸದಲ್ಲ; ಅಷ್ಟರಲ್ಲಿ ಹಿಂದೆ ಹುಡುಗಿಯರ ಸಾಲು ಬೆಳೆದಿತ್ತು. ಎಲ್ಲರ ಜಡೆಯಲ್ಲೂ ಹೂ, ಎಲ್ಲರಿಗೂ ಗಣಿತದ ಪರೀಕ್ಷೆಯ ಚಿಂತೆ. ಒಬ್ಬಳಾದ ಮೇಲೆ ಒಬ್ಬಳು ಇಟ್ಟರು. ಒಂದೂ ಬಿಡದೆ ಎಲ್ಲ ಹೂವೂ ಎಡಕ್ಕೆ!

"ನಮ್ಮ ಎಡ ಅಂದರೆ ಅವಳ ಬಲ ಅಲ್ಲವಾ?" ಎಂದು ಒಬ್ಬಳು ಆಸೆಯಿಂದ ಕೇಳಿದಳು.

"ಬಿದ್ದಿರೋದು ಅವಳ ಎಡಕ್ಕೇ ಕಣೇ, ನಾಪಾಸು ನೀನು" ಎಂದಳು ಇನ್ನೊಬ್ಬಳು. ಹೇಳಿದವಳೇ ಮೊದಲು ಅತ್ತಳು.

ಕಾವಲುಗಾರ ಹುಡುಗಿಯರನ್ನು ಸರಿಸಿಕೊಂಡು ಮುಂದೆ ಬಂದ. ಇನ್ನು ಬೈಗುಳ ಖಂಡಿತ ಎಂದು ನಾವು ಹೆದರಿದರೆ, ಬಿದ್ದ ಹೂವೊಂದನ್ನು ಎತ್ತಿ ತಾನೂ ಇಟ್ಟ. ಪಾಪ, ವರ್ಗಾವಣೆಗೆ ಅರ್ಜಿ ಹಾಕಿದ್ದನಂತೆ.

ಅವನದೂ ಎಡಕ್ಕೆ.

ಮೇಡಂ ಚಹಾ ಮುಗಿಸಿ ಬಂದು ನೋಡುತ್ತಾರೆ, ಇಡೀ ಶಾಲೆ ಒಂದು ಮೂರ್ತಿಯ ಮುಂದೆ ನಿಂತು ಅಳುತ್ತಿದೆ. ಕಾವಲುಗಾರ ಟೋಪಿಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾನೆ.

ಅವರ ಕಣ್ಣೂ ತುಂಬಿ ಬಂತು. "ಇಷ್ಟು ವರ್ಷದಲ್ಲಿ ಇದರ ಮುಂದೆ ಯಾರೂ ಅತ್ತಿರಲಿಲ್ಲ. ನಿಮ್ಮ ಮಕ್ಕಳಿಗೆ ಕಲೆ ಮನಸ್ಸಿಗೆ ತಟ್ಟುತ್ತದೆ" ಎಂದರು ನಮ್ಮ ಟೀಚರಿಗೆ.

ಆಮೇಲೆ ಕಾಲ ಬಳಿಯ ಹೂವಿನ ರಾಶಿ ಕಂಡಿತು.

ವಿಷಯ ಕೇಳಿ, ಬಗ್ಗಿ ಒಂದು ಹೂ ಎತ್ತಿಕೊಂಡರು. ನಂತರ ಮೆಲ್ಲಗೆ, "ಮಕ್ಕಳೇ, ಇವಳು ದೇವಿಯಲ್ಲ. ದೇವಿಗೆ ಚಾಮರ ಬೀಸುವ ದಾಸಿ. ದೇವಿ ಪಕ್ಕದ ಕೋಣೆಯಲ್ಲಿದ್ದಾಳೆ" ಎಂದರು.

ಮರುಕ್ಷಣವೇ ಹೋ ಎಂಬ ಕೂಗು! ನಾಪಾಸಾದವರೆಲ್ಲ ಒಟ್ಟಿಗೇ ಪಾಸಾಗಿಬಿಟ್ಟರು. ಪಕ್ಕದ ಕೋಣೆಗೆ ಓಡಿದರು. ಅಲ್ಲಿ ಟೀಚರ್ ಬಾಗಿಲಿಗೆ ಅಡ್ಡ ನಿಂತು ಎಲ್ಲರ ಜಡೆಯ ಹೂ ಕಿತ್ತುಕೊಂಡರಂತೆ.

ಅಕ್ಕ ಮಾತ್ರ ಕದಲಲಿಲ್ಲ.

"ಬಾ ಅಕ್ಕಾ, ಇಕೀ ದೇವಿ ಅಲ್ಲಂತ" ಎಂದು ಎಳೆದೆ.

"ಇರ್ಲಿ ಬಿಡು. ದೇವಿ ಬಾಜೂಕ ನಿಂತಾಕಿ. ಮನ್ಯಾಗಿನ ಮಾತು ಕೆಲಸದಾಕೀಗೇ ಮೊದಲ ಗೊತ್ತಾಗ್ತಾವ" ಎಂದಳು.

ಆಗಲೇ ಅವಳಿಗೆ ನನ್ನ ರಿಬ್ಬನ್ ಹಾರುತ್ತಿರುವುದು ಕಂಡಿತು. ತಿರುಗಿ ನೋಡಿದರೆ, ಮೂಲೆಯಲ್ಲಿ ಆಳೆತ್ತರದ ಫ್ಯಾನು ಮೂರ್ತಿಯ ಕಡೆಗೇ ಭರ್ರೆಂದು ತಿರುಗುತ್ತಿದೆ!

ಹೋಗಿ ಸ್ವಿಚ್ ಒತ್ತಿ ನಿಲ್ಲಿಸಿದಳು. ಬಂದು ಹೂವಿಟ್ಟಳು.

ಹೂ ಅಲುಗಲಿಲ್ಲ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ.

"ಏ ಪೋರೀ, ಮುಟ್ಟಬೇಡ!" ಕಾವಲುಗಾರನಿಗೆ ಈಗ ತನ್ನ ಕೆಲಸ ನೆನಪಾಗಿತ್ತು. ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಅಕ್ಕ ಬಾಗಿಲವರೆಗೂ ಹಿಂದೆ ನೋಡುತ್ತಲೇ ಬಂದಳು.

ರಾತ್ರಿ ಅಪ್ಪ ಊಟಕ್ಕೆ ಕುಳಿತಾಗ ರೊಟ್ಟಿ ಬಡಿಸುತ್ತ ಹೇಳಿದಳು. "ಅಪ್ಪಾ, ನಾ ಮುಂದ ಸಾಲಿಗಿ ಹೋಗ್ಲೇನು ಅಂತ ದೇವೀಗಿ ಹೂ ಕೇಳೀನ್ರಿ."

"ಯಾವ ದೇವಿ?"

"ಔರಂಗಾಬಾದಿನಾಕೀರಿ."

ನಾನು ಬಾಯಿ ತೆರೆದೆ. ಅಕ್ಕ ನನ್ನ ಹೆಬ್ಬೆರಳು ತುಳಿದಳು. ಜೋರಾಗಿಯೇ.

"ಎಡಕ್ಕ ಬಿತ್ತೇನು?"

"ಬೀಳಲೇ ಇಲ್ರಿ. ನಾವು ಹೊರಗ ಬರೂ ಮಟ ತಲಿ ಮ್ಯಾಲೇ ಇತ್ತು."

ಅಪ್ಪ ಕೈಯಲ್ಲಿದ್ದ ತುತ್ತು ತಟ್ಟೆಗಿಟ್ಟರು.

"ಒಲ್ಲೆ ಅನ್ನಾಕಿ ಇದ್ರ ಕೆಡವತಿದ್ದಳು. ತಲಿ ಮ್ಯಾಲ ಇಟ್ಕೊಂಡಾಳಂದ್ರ... ಹೋಗು, ಕಲಿ."

ಅಕ್ಕ ಎಂಟನೇ ತರಗತಿಗೆ ಹೋದಳು. ಮೆಟ್ರಿಕ್ ಮುಗಿಸಿದಳು. ಅವಳು ತೆರೆದ ದಾರಿಯಲ್ಲೇ ನಾನೂ ಹತ್ತನೆಯವರೆಗೆ ಓದಿದೆ.

ಅಕ್ಕ ತೀರಿಹೋಗಿ ಎರಡು ತಿಂಗಳಾಯಿತು. ದಿನಾ ಡೈರಿ ತೆರೆದು ಏನೂ ಬರೆಯಲಾಗದೆ ಮುಚ್ಚುತ್ತಿದ್ದೆ. ಇವತ್ತು ಬರೆಯುತ್ತ ಬರೆಯುತ್ತ ಒಬ್ಬಳೇ ಜೋರಾಗಿ ನಕ್ಕೆ. ಮೊಮ್ಮಗಳು ಗಾಬರಿಯಾಗಿ ಓಡಿ ಬಂದಳು.

ಉತ್ತರ ಸಿಗದಿದ್ದಾಗ ಅದನ್ನೇ ಹೌದು ಎಂದುಕೊಂಡು ಮುಂದೆ ನಡೆದವರು ನಿಮ್ಮ ಮನೆಯಲ್ಲೂ ಇದ್ದಾರೆಯೇ?