ಅಪ್ಪಿಯಕ್ಕ ತಿದ್ದಿದ ಬಟ್ಟೆ

ಮಸ್ಕತ್‌ನ ಅಲ್ ಹೈಲ್‌ನಲ್ಲಿ ನಮ್ಮ ಮೇಲಿನ ಫ್ಲ್ಯಾಟಿನ ಅಪ್ಪಿಯಕ್ಕ ಕಿನ್ನಿಗೋಳಿ ಕಡೆಯ ನೇಕಾರರ ಮನೆಯವರು. ಮದುವೆಗೆ ಮೊದಲು ಅಪ್ಪನ ಪಕ್ಕದ ಮಗ್ಗದಲ್ಲಿ ಕೂತು ಸೀರೆ ನೇಯ್ದವರು. ಗಂಡ ಪೂವಪ್ಪಣ್ಣನ ಜೊತೆ ಇಲ್ಲಿಗೆ ಬಂದ ಮೇಲೆ ಬಹಳ ವರ್ಷ ಸುಮ್ಮನಿದ್ದರು. ಕೊನೆಗೆ ಬಡಗಿಯೊಬ್ಬನಿಂದ ಮೇಜಿನ ಮೇಲಿಡುವಂಥ ಪುಟ್ಟ ಮಗ್ಗಗಳನ್ನು ಮಾಡಿಸಿ, ಶುಕ್ರವಾರಗಳಂದು ಮಕ್ಕಳಿಗೆ ಕಲಿಸತೊಡಗಿದರು. ತನ್ನಿಂದ ಒಬ್ಬರಾದರೂ ನೇಯ್ಗೆ ಕಲಿಯಬೇಕು ಎಂಬುದೊಂದೇ ಅವರ ಹಟ.

ಕನ್ನಡ ಕೂಟದ ರಾಜ್ಯೋತ್ಸವದ ಪ್ರದರ್ಶನದಲ್ಲಿ ಆ ಮಕ್ಕಳ ಬಟ್ಟೆ ನೋಡಿ ನಾವೆಲ್ಲ ಬಾಯಿ ಬಿಡುತ್ತಿದ್ದೆವು. ಅಂಚು ನೇರ, ಎಲ್ಲೂ ಎಳೆ ತಪ್ಪಿಲ್ಲ. ವಾರಕ್ಕೊಮ್ಮೆ ಬಂದು ಅರ್ಧ ಹೊತ್ತು ಬಿಸ್ಕತ್ತು ತಿನ್ನುವ ಮಕ್ಕಳು ಹೀಗೆ ನೇಯುವುದಾದರೂ ಹೇಗೆ ಎಂದು ಯಾರೂ ಕೇಳಲಿಲ್ಲ. ಹೆತ್ತವರಿಗೆ ಫೋಟೊ ಸಿಕ್ಕರೆ ಸಾಕಲ್ಲ.

ಗುಟ್ಟು ಆಮೇಲೆ ತಿಳಿಯಿತು. ಮಕ್ಕಳು ಹೊರಟ ಮೇಲೆ ಅಪ್ಪಿಯಕ್ಕ ತಪ್ಪನ್ನೆಲ್ಲ ಬಿಚ್ಚಿ ತಾವೇ ನೇಯುತ್ತಿದ್ದರು. ಒಂದು ಎಳೆ ತಪ್ಪಿದರೂ ನೇಕಾರರ ಸೊಸೈಟಿಯವರು ಸೀರೆ ವಾಪಸು ಕಳಿಸುತ್ತಿದ್ದ ಕಾಲದಲ್ಲಿ ಬೆಳೆದವರು. ತಪ್ಪು ಕಂಡರೆ ಅವರ ಕೈ ಸುಮ್ಮನಿರದು.

ಈ ವರ್ಷ ಆರನೇ ಕ್ಲಾಸಿನ ನನ್ನ ಮಗಳು ಅಕ್ಷಿತಾ ಅವರಲ್ಲಿ ಕರವಸ್ತ್ರದಷ್ಟು ಬಟ್ಟೆ ನೇಯ್ದಳು. ಪ್ರದರ್ಶನದ ದಿನ ಅದನ್ನು ಎತ್ತಿಕೊಂಡು ಎರಡೂ ಬದಿ ನೋಡಿದಳು. ಅವಳ ಅಂಕುಡೊಂಕು ಅಂಚು ಅಲ್ಲಿರಲಿಲ್ಲ.

“ಇಟ್ಸ್ ನಾಟ್ ಮೈನ್, ಆಂಟಿ” ಎಂದಳು. ತನ್ನ ಹೆಸರಿನ ಚೀಟಿ ಕಿತ್ತು ಅಪ್ಪಿಯಕ್ಕನ ಕೈಗೆ ಕೊಟ್ಟಳು.

ನನಗೆ ನಾಚಿಕೆಯಾಗಿ ಬೈಯಲು ಹೋದೆ. ಅಪ್ಪಿಯಕ್ಕ ತಡೆದರು. ಸಂಜೆ ನಮ್ಮ ಅಡುಗೆಮನೆಯಲ್ಲಿ ಕೂತು, ಇಷ್ಟು ವರ್ಷ ಬಂದುಹೋದ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳಿದರು.

“ಒಬ್ಬರಿಗೂ ನೇಯಲಿಕ್ಕೆ ಬರುದಿಲ್ಲ ಮಾರಾಯ್ತಿ. ನೇಯ್ದದ್ದೆಲ್ಲ ನಾನೇ.”

ಅವರು ಅತ್ತದ್ದನ್ನು ಅಂದೇ ಮೊದಲು ನೋಡಿದ್ದು.

ಮುಂದಿನ ಶುಕ್ರವಾರ ಅಕ್ಷಿತಾ ಹೊಸದಾಗಿ ಶುರು ಮಾಡಿದಳು. ನಾನೂ ಹೋಗಿ ಕೂತಿದ್ದೆ. ಅರ್ಧದಲ್ಲಿ ಲಾಳಿ ಒಂದು ಎಳೆ ತಪ್ಪಿಸಿ ನುಗ್ಗಿತು. ಅಪ್ಪಿಯಕ್ಕ ನೋಡಿದರು, ಹುಡುಗಿ ನೋಡಲಿಲ್ಲ. ಅವರ ಕೈ ಮುಂದೆ ಹೋಯಿತು, ಮತ್ತೆ ಮಡಿಲಿಗೆ ಬಂತು. ಹೇಳಿಬಿಡಿ ಎಂದು ನನಗೇ ಅನ್ನಿಸುತ್ತಿತ್ತು. ಅವರು ತುಟಿ ಬಿಚ್ಚಲಿಲ್ಲ. ಅಕ್ಷಿತಾ ಇನ್ನೂ ನಾಲ್ಕು ಬೆರಳಿನಷ್ಟು ನೇಯ್ದು ನಿಲ್ಲಿಸಿದಳು, ಬಗ್ಗಿ ನೋಡಿದಳು, ಯಾರನ್ನೂ ಕೇಳದೆ ಬಿಚ್ಚತೊಡಗಿದಳು.

ಅಪ್ಪಿಯಕ್ಕ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

“ಒಬ್ಬಳಿಗೆ ಬರ್ತದೆ” ಎಂದರು.