ಪರಂಗಿ ಹಡಗಿನ ಸೇವಾ ವೃತ್ತಾಂತ

ಯುದ್ಧನೌಕೆಯ ಚರಿತ್ರೆ ಬರೆಯುವವರು ಮೊದಲು ಅದು ಹುಟ್ಟಿದ ಸ್ಥಳವನ್ನು ಹೇಳುವುದು ವಾಡಿಕೆ. ನಾನು ಕಪ್ತಾನನಾಗಿ ಸೇವೆ ಸಲ್ಲಿಸಿದ ಏಕೈಕ ಹಾಯಿಹಡಗು ಹುಟ್ಟಿದ್ದು ಮಸ್ಕತ್ತಿನ ಹೊರವಲಯದ ಅಲ್ ಮಬೇಲಾದ ಒಂದು ಬಡಗಿ ವರ್ಕ್‌ಶಾಪಿನ ಹಿತ್ತಿಲಲ್ಲಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಅದರ ಮೈಗೆ ಪ್ಲೈವುಡ್, ಪಕ್ಕೆಲುಬಿಗೆ ತರಕಾರಿ ಮಾರ್ಕೆಟಿನ ಟೊಮೆಟೊ ಪೆಟ್ಟಿಗೆಗಳ ಪಟ್ಟಿ, ಹಾಯಿಕಂಬಕ್ಕೆ ಕಾರ್ಪೆಟ್ ಸುತ್ತಿ ಬರುವ ದಪ್ಪ ರಟ್ಟಿನ ಕೊಳವೆ, ಫಿರಂಗಿಗಳ ಬದಲಿಗೆ ಕಪ್ಪು ಬಳಿದ ನೀರಿನ ಪೈಪು. ಹಾಯಿಗೆ ಬೇಕಾದ ಬಿಳಿ ಬೆಡ್‌ಶೀಟುಗಳನ್ನು ನನ್ನ ಮನೆಯಿಂದಲೇ ಮುಟ್ಟುಗೋಲು ಹಾಕಿಕೊಳ್ಳಲಾಯಿತು. ನನ್ನ ಹೆಂಡತಿ ಪ್ರತಿಭಟನೆ ಸಲ್ಲಿಸಿದಳು. ಯುದ್ಧಕಾಲವೆಂಬ ಕಾರಣ ಕೊಟ್ಟು ಅದನ್ನು ತಳ್ಳಿಹಾಕಿದೆವು.

ನಮ್ಮ ಕನ್ನಡ ಕೂಟದ ವಾರ್ಷಿಕೋತ್ಸವಕ್ಕೆಂದು ಒಂದು ನಾಟಕ. ಹಿಂದಿನ ಕಾಲದಲ್ಲಿ ನಮ್ಮ ಕರಾವಳಿಯ ಅಕ್ಕಿ ಹಡಗು ಹತ್ತಿ ಮಸ್ಕತ್ತಿಗೆ ಬರುತ್ತಿತ್ತಷ್ಟೆ. ಅದನ್ನು ತಡೆಯಲು ಪರಂಗಿಯವರ, ಅಂದರೆ ಪೋರ್ಚುಗೀಸರ, ಯುದ್ಧನೌಕೆ ಮಂಗಳೂರಿನ ಅಳಿವೆಗೆ ಅಡ್ಡ ನಿಲ್ಲುತ್ತದೆ; ಕೊನೆಯಲ್ಲಿ ನಮ್ಮ ಅಕ್ಕಿದೋಣಿಗಳು ನುಗ್ಗಿ ಅದನ್ನು ಮುಳುಗಿಸಿ ಮಸ್ಕತ್ತಿಗೆ ಹೊರಡುತ್ತವೆ. ಇದು ಕಥೆ. ಪರಂಗಿ ಕಪ್ತಾನನ ಪಾತ್ರ ಯಾರಿಗೂ ಬೇಡವಾದ್ದರಿಂದ ನನ್ನ ಪಾಲಿಗೆ ಬಂತು. ದಿಗ್ಬಂಧನವೆಂದರೆ ಒಂದೇ ಜಾಗದಲ್ಲಿದ್ದು ಇನ್ನೊಬ್ಬರ ಕೆಲಸ ಮುಂದೆ ಹೋಗದ ಹಾಗೆ ನೋಡಿಕೊಳ್ಳುವುದು. ವರ್ಷಗಟ್ಟಲೆ ಆಫೀಸಿನಲ್ಲಿ ಫೈಲುಗಳ ಮುಂದೆ ಕೂತವನಿಗೆ ಬೇರೆ ತಾಲೀಮು ಬೇಕಿರಲಿಲ್ಲ.

ಹಡಗನ್ನು ಕಟ್ಟಿದವರು ಆ ವರ್ಕ್‌ಶಾಪಿನ ಮೇಸ್ತ್ರಿ, ನಮ್ಮ ಕಡೆಯ ಬ್ಯಾರಿಗಳು. ಹಗಲೆಲ್ಲ ಇಲ್ಲಿನ ಅರಬರ ವಿಲ್ಲಾಗಳಿಗೆ ಬಾಗಿಲು ಮಾಡುವುದು ಅವರ ಕಸುಬು. ಆ ಚಳಿಗಾಲದಲ್ಲಿ ಅವರ ಹೆಂಡತಿಯೂ ಆರು ವರ್ಷದ ಮಗಳೂ ವಿಸಿಟ್ ವೀಸಾದಲ್ಲಿ ಬಂದಿದ್ದರು. ನಾಟಕದ ಮರುದಿನವೇ ವಾಪಸು ಹೊರಡುವವರು. ಮಗು ತಂದೆಯನ್ನು ಕಂಡದ್ದು ರಜೆಗಳಲ್ಲಿ ಮಾತ್ರ. ಹತ್ತಿರ ಕರೆದರೆ ತಾಯಿಯ ಹಿಂದೆ ಸರಿದುಬಿಡುತ್ತಿದ್ದಳು. ತಂದೆಯ ಬಗ್ಗೆ ಏನಾದರೂ ಹೇಳುವುದಿದ್ದರೆ ಮನೆಗೆ ಬಂದ ನೆಂಟರ ಬಗ್ಗೆ ಹೇಳುವಂತೆ ‘ಅವರು’ ಎನ್ನುತ್ತಿದ್ದಳು. ಹಡಗು ಕಟ್ಟುತ್ತಿದ್ದೇನೆ ಎಂದು ಮೇಸ್ತ್ರಿ ಹೇಳಿದಾಗ ಮಾತ್ರ ತಲೆ ಹೊರಗೆ ಹಾಕಿ, ಎಷ್ಟು ದೊಡ್ಡದು ಎಂದು ಕೇಳಿದ್ದಳಂತೆ.

“ಹಡಗು ಸ್ಟೇಜಿನಲ್ಲಿ ನಿಲ್ಲಲೇಬೇಕು ಸಾರ್,” ಅಂದರು ಮೇಸ್ತ್ರಿ. “ಊರಿಗೆ ಹೋಗಿ ಅವಳು ನನ್ನ ವಿಷಯ ಎಂತಾದ್ರೂ ಒಂದು ಹೇಳ್ಬೇಕಲ್ಲ.”

ಆಮೇಲೆ ಆ ಹಡಗು ಬೆಳೆದ ರೀತಿ ನೋಡಿ ನಮ್ಮ ಸಮಿತಿ ಹೆದರಿತು. ದೊಡ್ಡದು ಎಂದು ಮಗಳಿಗೆ ಮಾತು ಕೊಟ್ಟಾಗಿತ್ತು, ಇನ್ನು ಕುಗ್ಗಿಸುವ ಪ್ರಶ್ನೆಯೇ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಪಿಕಪ್ಪಿನಲ್ಲಿ ಮೆರವಣಿಗೆಯಾಗಿ ಬಂದ ನೌಕೆ ಶಾಲೆಯ ಸಭಾಂಗಣದ ಬಾಗಿಲಲ್ಲಿ ಸಿಕ್ಕಿಕೊಂಡಿತು. ಜೀವನವಿಡೀ ಬಾಗಿಲು ಮಾಡಿದ ಮನುಷ್ಯ ವೇದಿಕೆಯ ಅಗಲ ಅಳೆದಿದ್ದರು, ಸೀಲಿಂಗಿನ ಎತ್ತರ ಅಳೆದಿದ್ದರು, ಬಾಗಿಲನ್ನು ಮಾತ್ರ ಅಳೆದಿರಲಿಲ್ಲ. ನಾಟಕದ ನಿರ್ದೇಶಕರು ಸಿರಿವಂತರ ಬಡಾವಣೆಯಾದ ಮದೀನತ್ ಸುಲ್ತಾನ್ ಖಾಬೂಸಿನಲ್ಲಿ ಮನೆ ಮಾಡಿದ್ದ ಬ್ಯಾಂಕ್ ಅಧಿಕಾರಿ, ಬಹಳ ಶಿಸ್ತಿನವರು. ಹಡಗನ್ನು ಹೊರಗೇ ಬಿಡಿ, ಒಂದು ನೀಲಿ ಪರದೆ ಕಟ್ಟಿ ಸುಧಾರಿಸೋಣ ಅಂದರು. ಮೇಸ್ತ್ರಿ ಪಿಕಪ್ಪಿನಿಂದ ಗರಗಸ ತಂದು, ತಿಂಗಳುಗಟ್ಟಲೆ ಕಟ್ಟಿದ ಹಡಗನ್ನು ನಟ್ಟನಡುವೆ ತಾವೇ ಕೊಯ್ದರು. ಎರಡು ತುಂಡನ್ನೂ ಒಳಗೆ ಒಯ್ದು ಬಾಗಿಲಿನ ಕೀಲುಗಳನ್ನು ಜಡಿದು ಮತ್ತೆ ಒಂದು ಮಾಡಿದರು. ನಾವು ಸುತ್ತ ನಿಂತು ಹಣೆಯ ಬೆವರು ಒರೆಸಿಕೊಂಡೆವು.

ಕೂಡಿಸಿದ ಹಡಗಿಗೆ ತಾನಾಗಿ ನಿಲ್ಲುವ ಶಕ್ತಿ ಇರಲಿಲ್ಲ. ನಾಲ್ವರು ಹಿಂದೆ ಕುಕ್ಕರುಗಾಲಲ್ಲಿ ಕೂತು ಹಿಡಿಯಬೇಕು. ನಡುವಿನ ಜಾಗ ಮೇಸ್ತ್ರಿಯದು. ಹಾಗಾದರೆ ಮಗಳ ಮುಖ ನಿಮಗೆ ಕಾಣುವುದಿಲ್ಲವಲ್ಲ ಅಂದೆ. ನೀವು ಮೇಲೆ ನಿಲ್ಲುವವರು, ನೋಡಿ ಹೇಳಿ ಅಂದರು. ಹೀಗೆ ಕಪ್ತಾನನ ಕರ್ತವ್ಯಗಳಿಗೆ ಇನ್ನೊಂದು ಸೇರಿತು.

ಸಂಜೆ ತೆರೆ ಸರಿದಾಗ ನಾನು ಸ್ಟೂಲಿನ ಮೇಲೆ, ಹಡಗಿನ ಹಿಂದೆ, ಅಂಟಿಸಿದ ಕೆಂಪು ಗಡ್ಡದಲ್ಲಿ ನಿಂತಿದ್ದೆ. ಮೊದಲ ಸಾಲಿನಲ್ಲಿ ಮಗು ಬಾಯಿ ತೆರೆದು ಕೂತಿತ್ತು; ಹಿಂದೆ ಹಡಗು ಹಿಡಿದವರು ಯಾರೆಂದು ತಾಯಿ ಹೇಳಿಟ್ಟಿದ್ದರು. ಕೆಳಗೆ ಬಗ್ಗಿ ವರದಿ ಒಪ್ಪಿಸಿದೆ. ಮೇಸ್ತ್ರಿ ಹಿಡಿತ ಇನ್ನಷ್ಟು ಬಿಗಿ ಮಾಡಿದರು.

ದಿಗ್ಬಂಧನ ಸಾಂಗವಾಗಿ ನಡೆಯಿತು. ಕೊನೆಗೆ ಅಕ್ಕಿದೋಣಿಗಳು ಜಯಘೋಷದೊಂದಿಗೆ ಬಂದು ಗುದ್ದಿದವು. ಹಡಗು ವಾಲಿತು, ಸಭೆ ಚಪ್ಪಾಳೆ ತಟ್ಟಿತು. ಆಗ ಮಗು ಕುರ್ಚಿಯಿಂದ ಎದ್ದು ನಿಂತು ಬ್ಯಾರಿ ಭಾಷೆಯಲ್ಲಿ ಅಪ್ಪನನ್ನು ಕರೆದು ಗಟ್ಟಿಯಾಗಿ ಹೇಳಿತು: ಉಪ್ಪಾ, ಬಿಡಬೇಡಿ, ಬೀಳ್ತದೆ. ಸಭೆ ನಕ್ಕಿತು. ಮಗು ನಗಲಿಲ್ಲ. ಇಡೀ ಸಭಾಂಗಣದಲ್ಲಿ ಪರಂಗಿಯವರ ಪಕ್ಷದಲ್ಲಿದ್ದವಳು ಅವಳೊಬ್ಬಳೇ.

ದೋಣಿಗಳು ಮತ್ತೆ ಗುದ್ದಿದವು. ಹಡಗು ಅಲ್ಲಾಡಲಿಲ್ಲ. ಪಕ್ಕದ ಪರದೆಯಿಂದ ನಿರ್ದೇಶಕರ ಪಿಸುಮಾತು ಬಂತು.

“ಮುಳುಗಿಸಿ ಮೇಸ್ತ್ರಿಗಳೇ.”

“ಆಗುದಿಲ್ಲ ಸಾರ್.”

“ಎಂತ ಆಗುದಿಲ್ಲ? ಚರಿತ್ರೆ ಉಂಟಲ್ಲ ಮಾರಾಯ್ರೆ.”

“ಚರಿತ್ರೆ ನಾಳೆ ಊರಿಗೆ ಹೋಗುದಿಲ್ಲ ಸಾರ್. ಅವಳು ಹೋಗ್ತಾಳೆ.”

ಅಕ್ಕಿದೋಣಿಯ ನಾಯಕ ಕತ್ತಿ ಎತ್ತಿದವನು ಎತ್ತಿದಂತೆಯೇ ನನ್ನ ಮುಖ ನೋಡುತ್ತಿದ್ದ. ಹಡಗು ಮುಳುಗದಿದ್ದರೆ ಅಕ್ಕಿ ಹೊರಡುವುದಿಲ್ಲ, ಅಕ್ಕಿ ಹೊರಡದಿದ್ದರೆ ನಾಟಕ ಮುಗಿಯುವುದಿಲ್ಲ, ನಾಟಕ ಮುಗಿಯದೆ ಊಟ ಬಡಿಸುವಂತಿಲ್ಲ. ಇಂಥ ಸಂದರ್ಭದಲ್ಲಿ ನೌಕಾ ಪರಂಪರೆ ಕಪ್ತಾನನಿಗೆ ಪೂರ್ಣ ಅಧಿಕಾರ ಕೊಡುತ್ತದೆ ಎಂದು ನಾನು ಅರ್ಥ ಮಾಡಿಕೊಂಡೆ. ಗಡ್ಡ ನೀವಿ, ಬರೆದುಕೊಡದ ಮಾತನ್ನು ಆಡಿದೆ.

“ಈ ಅಳಿವೆಯ ಗಾಳಿ ನಮಗೆ ಹಿಡಿಸುವುದಿಲ್ಲ. ದಿಗ್ಬಂಧನ ಖಲಾಸ್. ಹಡಗನ್ನು ಗೋವೆಗೆ ತಿರುಗಿಸಿ. ಯಲ್ಲಾ, ಹೊರಡಿ.”

ಸ್ಟೂಲಿನಿಂದ ಇಳಿದು ನಾನೂ ಕೈಜೋಡಿಸಿದೆ. ಹಡಗು ನೆಲ ಬಿಟ್ಟು ಎದ್ದಿತು. ಹಾಯಿ ನೆಟ್ಟಗೆ, ಫಿರಂಗಿಗಳು ಸಾಲಾಗಿ. ನಿಧಾನವಾಗಿ, ಅವಮಾನದ ಗುರುತೇ ಇಲ್ಲದೆ, ವೇದಿಕೆಯ ಎಡಭಾಗಕ್ಕೆ ಹೊರಟಿತು. ಸಭೆಯ ಗದ್ದಲದಲ್ಲಿ ಅಕ್ಕಿ ಮಸ್ಕತ್ತಿಗೆ ಹೊರಟದ್ದನ್ನು ಯಾರೂ ಗಮನಿಸಲಿಲ್ಲ. ನಿರ್ದೇಶಕರು ಮುಂದೆ ಕೆಲವು ವಾರ ನನ್ನೊಡನೆ ಮಾತು ಬಿಟ್ಟರು.

ಪರದೆಯ ಮರೆಗೆ ಬಂದ ಮೇಲೂ ಮೇಸ್ತ್ರಿ ಹಡಗನ್ನು ಕೆಳಗಿಡಲಿಲ್ಲ. ಉಳಿದವರ ಕೈ ಸೋತಿತ್ತು, ಇಳಿಸೋಣ ಅಂದರು. ಅಷ್ಟರಲ್ಲಿ ಮಗು ಮೆಟ್ಟಿಲು ಹತ್ತಿ ಓಡಿ ಬಂತು. ತಂದೆಯ ಮುಖವನ್ನಾಗಲಿ ನನ್ನ ಗಡ್ಡವನ್ನಾಗಲಿ ನೋಡಲಿಲ್ಲ. ನೇರ ಅವರ ಮೊಣಕೈಯ ಕೆಳಗೆ ನುಗ್ಗಿ, ಎರಡೂ ಕೈಯಿಂದ ಹಡಗಿನ ಪಕ್ಕೆಲುಬಿನ ಒಂದು ಪಟ್ಟಿಯನ್ನು ಹಿಡಿದುಕೊಂಡಿತು.