‘ಕಾಸ್ಟ್’ ಮೇಲೆ ಪಾಸಾದವಳು

“ಆ ಹುಡುಗಿಗೆ ಸಿ.ಎ. ಓದೂದು ನೀಗಲಿಲ್ಲ. ಆರ್ಟಿಕಲ್‌ಶಿಪ್ಪಿಗೆ ಆಡಿಟರ ಕಡೆ ಜಾಗಾನೂ ಇರಲಿಲ್ಲ. ಕಡೀಕ ಕಾಸ್ಟ್ ಮ್ಯಾಲೆ ಅಕೌಂಟಂಟ್ ಆದಳು.”

ಪುಣೆಯಲ್ಲಿ ನೆಲೆಸಿರುವ ನಮ್ಮ ಉತ್ತರ ಕರ್ನಾಟಕದ ವ್ಯಾಪಾರಿ ಮಂದಿ ಈ ಚರಿತ್ರೆಯನ್ನು ಮದುವೆಯ ಪಂಕ್ತಿಯಲ್ಲಿಯೂ ಹೇಳುತ್ತಾರೆ, ಸತ್ತವರ ಮನೆಯ ಕಟ್ಟೆಯ ಮೇಲೆ ಕುಳಿತೂ ಹೇಳುತ್ತಾರೆ. ಮೂರು ವಾಕ್ಯಗಳು, ಮೂರೂ ಸುಳ್ಳು. ಕೊನೆಯದು ಸುಳ್ಳಿನ ಜೊತೆಗೆ ತಮಾಷೆಯೂ ಆಗಿರುವುದರಿಂದ ಹೆಚ್ಚು ಬಾಳಿಕೆ ಬಂದಿದೆ. ಕಾರ್ಖಾನೆಯಲ್ಲಿ ಒಂದು ವಸ್ತು ತಯಾರಾಗಲು ತಗಲುವ ವೆಚ್ಚವನ್ನು ಲೆಕ್ಕ ಹಾಕುವವರು ಕಾಸ್ಟ್ ಅಕೌಂಟಂಟರು. ವೆಚ್ಚ ಎಂಬರ್ಥದ ಇಂಗ್ಲಿಷ್ ಮಾತೂ ಜಾತಿ ಎಂಬರ್ಥದ ಇಂಗ್ಲಿಷ್ ಮಾತೂ ನಮ್ಮವರ ನಾಲಿಗೆಯಲ್ಲಿ ಒಂದೇ ಆಗಿ ಹೊರಬೀಳುತ್ತವೆ. ಹಾಗೆ ಬೀಳಿಸುವುದರಲ್ಲಿ ಅವರಿಗೊಂದು ಸುಖವಿದೆ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಮಾರ್ಕೆಟ್ ಯಾರ್ಡಿನ ಒಂದು ಬೆಲ್ಲದ ಅಂಗಡಿಯಲ್ಲಿ ದಿವಾಣಜಿಯಾಗಿ, ಅಂದರೆ ಲೆಕ್ಕ ಬರೆಯುವವನಾಗಿ, ಆಯುಷ್ಯ ಕಳೆದೆ. ಉಳಿದುದನ್ನು ಸ್ವಂತ ಓದಿನಿಂದ ಕಲಿತೆ. ಹುಡುಗಿಯ ತಂದೆ ಅದೇ ಅಂಗಡಿಯ ಹಮಾಲ. ಕಲಬುರ್ಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು, ಯೆರವಡಾದ ಕೊಳಗೇರಿ ವಸ್ತಿಯಲ್ಲಿ ಮನೆ ಮಾಡಿಕೊಂಡು, ಆಮೇಲೆ ಚೀಲ ಹೊರಲು ನಿಂತವನು. ಮಗಳು ಬಿ.ಕಾಂ. ಮುಗಿಸಿ, ಸಿ.ಎ. ಇಂಟರಿನ ಎರಡೂ ಗುಂಪುಗಳನ್ನು ಮೊದಲ ಸಲಕ್ಕೇ ಪಾಸು ಮಾಡಿದಳು. ಮೊದಲನೆಯ ಸುಳ್ಳು ಇಲ್ಲಿಗೆ ಮುಗಿಯಬೇಕಿತ್ತು.

ಇನ್ನು ಉಳಿದದ್ದು ಆರ್ಟಿಕಲ್‌ಶಿಪ್. ಒಬ್ಬ ಆಡಿಟರು ಶಿಷ್ಯಳೆಂದು ಸೇರಿಸಿಕೊಳ್ಳಬೇಕು, ಅವರ ಕೈಕೆಳಗೆ ವರ್ಷಗಟ್ಟಲೆ ದುಡಿಯಬೇಕು; ಇಲ್ಲದಿದ್ದರೆ ಕೊನೆಯ ಪರೀಕ್ಷೆಗೆ ಕೂಡುವಂತಿಲ್ಲ. ಅವಳು ಹೋದ ಆಫೀಸುಗಳಲ್ಲೆಲ್ಲ ಪರಿಚಯದವರು ಯಾರೆಂದು ಕೇಳಿದರು. ನಮ್ಮ ಅಂಗಡಿಯ ಲೆಕ್ಕ ತಪಾಸಣೆ ಮಾಡುವ ಆಡಿಟರು ಕನ್ನಡದವರು, ನಮ್ಮ ಕಡೆಯವರೇ. ಆದ್ದರಿಂದ ತಂದೆ ಮಗಳಿಬ್ಬರನ್ನೂ ನಾನೇ ಅಲ್ಲಿಗೆ ಕರೆದುಕೊಂಡು ಹೋದೆ.

ಆಡಿಟರು ಅಂಕಪಟ್ಟಿಯನ್ನು ಓದಿ, “ಭಾಳ ಛಲೋ ಅದ,” ಎಂದರು. ಆಮೇಲೆ ತಂದೆಯ ಕಡೆ ತಿರುಗಿ, “ನೀವು ಯಾರ ಪೈಕಿ?” ಎಂದರು. ನಮ್ಮ ಸೀಮೆಯಲ್ಲಿ ಜಾತಿ ಕೇಳುವ ಸಭ್ಯ ರೀತಿ ಇದು. ಆತನಿಗದು ಗೊತ್ತಿತ್ತು. ಗೊತ್ತಿದ್ದೇ ಬೇರೆ ಉತ್ತರ ಕೊಟ್ಟ.

“ಯೆರವಡಾದವರ ಪೈಕಿರಿ, ಸಾಹೇಬ್ರ.”

“ಯೆರವಡಾ! ಜೇಲಿನ ಗ್ವಾಡಿ ಒಳಗೋ, ಹೊರಗೋ?”

ಮೇಜುಗಳಲ್ಲಿದ್ದ ಸಹಾಯಕರೆಲ್ಲ ನಕ್ಕರು. ಉಪಚಾರಕ್ಕೆಂದು ತಂದೆಯೂ ನಕ್ಕ.

“ನಿಯಮದಾಗ ಪೈಕಿ ಕೇಳ್ರಿ ಅಂತ ಎಲ್ಲೆ ಬರದದರಿ?” ಎಂದು ನಾನು ಕೇಳಿದೆ.

“ದಿವಾಣಜಿ, ನೀವು ಎಷ್ಟನೇತ್ತೆ ತನಕಾ ಕಲ್ತೀರಿ?”

“ಏಳನೇತ್ತೆ.”

“ಹಂಗಾರ ಏಳನೇತ್ತೆ ತನಕದ ನಿಯಮಾ ಮಾತಾಡ್ರಿ.” ಮತ್ತೆ ನಗೆಯಾಯಿತು. ಅದು ತಣಿಯುವವರೆಗೆ ಕಾದು, ಅವರು ಹುಡುಗಿಗೆ ಮೃದುವಾಗಿಯೇ ವಿವರಿಸಿದರು: “ತಂಗಿ, ನಮ್ಮ ಆಡಿಟಿನ್ಯಾಗ ಗುಡಿ, ಮಠದ ಟ್ರಸ್ಟ್ ಅದಾವ. ಆರ್ಟಿಕಲ್ ಇದ್ದವರು ಉಗ್ರಾಣದ ಒಳಗ ಹೋಗಿ ಸ್ಟಾಕ್ ಎಣಿಸಬೇಕಾಗ್ತದ. ಅಲ್ಲೆ ಮಡಿ ಅದ. ನನಗೇನಿಲ್ಲವಾ. ಅವರು ಒಪ್ಪೂದಿಲ್ಲ.”

“ಆ ಉಗ್ರಾಣದ ಅಕ್ಕಿ ಬೆಲ್ಲ ಎಲ್ಲಾ ನಮ್ಮಪ್ಪನ ಬೆನ್ನಿನ ಮ್ಯಾಲೇ ಬಂದದ್ದಲ್ಲೇನ್ರಿ, ಸರ್?”

“ಅಂಗಳದ ತನಕ, ತಂಗಿ. ಚೀಲಾ ಅಂಗಳದ ತನಕ ಬರ್ತದ, ನಿಮ್ಮಪ್ಪನೂ ಅಲ್ಲೀತನಕ ಬರ್ತಾನ. ಒಳಗ ನಮ್ಮವರು ಒಯ್ತಾರ.”

ತಂದೆ ಎದ್ದು ಕೈಮುಗಿದ. ತಪ್ಪು ತನ್ನ ಮಗಳದೇ ಎಂಬಂತೆ ಅವಳ ರಟ್ಟೆ ಹಿಡಿದು ಹೊರಗೆ ಕರೆತಂದ.

ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ ಅವಳು ನನಗೆ ಹೇಳಿದಳು: “ಕಾಕಾ, ಸಿ.ಎ. ಬಿಡ್ತೀನ್ರಿ. ಕಾಸ್ಟ್ ಮಾಡ್ತೀನಿ. ಅದರ ಟ್ರೇನಿಂಗ್ ಫ್ಯಾಕ್ಟರಿಯ ಅಕೌಂಟ್ಸಿನ್ಯಾಗ ಮಾಡಿದರೂ ನಡೀತದ. ಆಡಿಟರ ಕಾಲು ಹಿಡಿಯೂದು ಬ್ಯಾಡ.”

ತಂದೆ ಗಾಬರಿಯಾದ. “ಕಾಸ್ಟ್? ಅಲ್ಲೂ ಅದನ್ನ ಕೇಳ್ತಾರೇನ ಯವ್ವಾ?”

ಅವಳು ನಗಲಿಲ್ಲ. ಬಸ್ಸು ಬರುವವರೆಗೆ ನಿಂತು ಆತನಿಗೆ ಬಿಡಿಸಿ ಹೇಳಿದಳು. ಈ ಕಾಸ್ಟ್ ಬೇರೆ. ಒಂದು ಬೋಲ್ಟ್ ಮಾಡಲು ಕಬ್ಬಿಣಕ್ಕೆ ಎಷ್ಟು, ಕರೆಂಟಿಗೆ ಎಷ್ಟು, ಕೂಲಿಗೆ ಎಷ್ಟು ಎಂದು ಹಚ್ಚುವ ಲೆಕ್ಕ. “ಇದು ಒಳ್ಳೇ ಕಾಸ್ಟ್, ಅಪ್ಪಾ,” ಎಂದಳು. ಆತ ಆ ಮಾತನ್ನು ಬಾಯಲ್ಲೇ ಒಂದೆರಡು ಸಲ ಹೇಳಿಕೊಂಡ.

ಒಂದು ಕಾರ್ಖಾನೆಯಲ್ಲಿ ತರಬೇತಿ ಪಡೆದು, ಎಲ್ಲ ಹಂತಗಳನ್ನೂ ಬರೆದು ಅವಳು ಪಾಸಾದಳು. ಪುಣೆಯ ನಮ್ಮ ಕನ್ನಡ ವ್ಯಾಪಾರಿಗಳ ಮಂಡಳಿಯವರು ಪ್ರತಿಭಾ ಪುರಸ್ಕಾರಕ್ಕೆ ಕರೆದರು. ತಂದೆ ಒತ್ತಾಯ ಮಾಡಿ ಅವಳನ್ನು ಹೊರಡಿಸಿದ. ತಾನೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಮುಂದಿನ ಸಾಲಿನಲ್ಲಿ ಕುಳಿತ. ಅಧ್ಯಕ್ಷತೆ ಅದೇ ಆಡಿಟರದು. ಶಾಲು ಹೊದಿಸುತ್ತ ಅವರು ಮೈಕಿನಲ್ಲಿ ಹೇಳಿದರು: “ಈಕಿ ನಮ್ಮ ಯಾರ್ಡಿನ ಹಮಾಲನ ಮಗಳು. ಕಾಸ್ಟ್ ಮ್ಯಾಲೆ ಅಕೌಂಟಂಟ್ ಆಗ್ಯಾಳ. ಹೊಡೀರಿ ಚಪ್ಪಾಳಿ!”

ಸಭೆಗೆ ಅರ್ಥವಾಯಿತು, ನಗೆ ಹಿಂದಿನ ಸಾಲಿನವರೆಗೂ ಹೋಯಿತು. ತಂದೆಗೂ ಅರ್ಥವಾಯಿತು, ಆದರೆ ಮಗಳು ಕಲಿಸಿದ ಅರ್ಥ. ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವನು ಆತ. ಎಲ್ಲರೂ ನಿಲ್ಲಿಸಿದ ಮೇಲೂ ಆ ಒರಟು ಕೈಗಳ ಸದ್ದೊಂದೇ ಕೇಳುತ್ತಿತ್ತು. ಪಕ್ಕದಲ್ಲಿದ್ದವನನ್ನು ಮೊಣಕೈಯಿಂದ ತಿವಿದು, “ಒಳ್ಳೇ ಕಾಸ್ಟ್‌ರಿ ಅದು,” ಎಂದು ತಿಳಿಸಿಯೂ ಹೇಳಿದ. ಪಕ್ಕದವನು ಬಾಯಿಗೆ ಕರವಸ್ತ್ರ ಒತ್ತಿಕೊಂಡ. ವೇದಿಕೆಯ ಮೇಲೆ ಶಾಲು ಹೊದ್ದು ನಿಂತಿದ್ದ ಅವಳು ಇದನ್ನೆಲ್ಲ ನೋಡಿದಳು.

ಇಳಿದು ಬಂದಾಗ ನನಗೆ ಅವಳು ಹೇಳಿದ್ದು ಇಷ್ಟೇ: “ಅಪ್ಪಗ ಹೇಳಬ್ಯಾಡ್ರಿ, ಕಾಕಾ.”

ಹೇಳಲಿಲ್ಲ. ಆತ ಹೋದ ವರ್ಷ ತೀರಿಕೊಂಡ. ಆದ್ದರಿಂದ ಈಗ ಬರೆಯುತ್ತಿದ್ದೇನೆ.

ಜಾತಿಯ ಮೇಲೆ ಪಾಸಾದಳೆನ್ನುವವರು ಆ ಪರೀಕ್ಷೆಯ ನಿಯಮಗಳನ್ನು ತೆರೆದು ನೋಡಲಿ. ಕೂತವರೆಲ್ಲರಿಗೂ ಪಾಸಿನ ಅಂಕ ಒಂದೇ. ಆ ನಿಯಮಗಳು ಯಾರಿಗೂ ಮುಚ್ಚಿಟ್ಟವಲ್ಲ. ಆಡಿಟರ ಕಡೆ ಜಾಗವಿರಲಿಲ್ಲ ಎನ್ನುವವರು ಪುಣೆಯ ಮಗ್ಗುಲಿನ ನಿಗಡಿ ಎಂಬ ಊರಿಗೆ ಹೋಗಲಿ. ನಾವು ಕೈಮುಗಿದು ಹೊರಬಿದ್ದ ಮರುವಾರವೇ ಆ ಆಫೀಸಿಗೆ ಆರ್ಟಿಕಲ್ ಆಗಿ ಸೇರಿದ ಹೆಣ್ಣುಮಗಳು ಈಗ ಅಲ್ಲಿ ಸ್ವಂತ ಆಫೀಸು ಇಟ್ಟಿದ್ದಾಳೆ. ನಾನು ಹೋಗಿ ಕೇಳಿದೆ. ಚಹಾ ತರಿಸಿ, ಸಂಕೋಚವಿಲ್ಲದೆ ಹೇಳಿದಳು. ಯಾರು ಕೇಳಿದರೂ ಹೇಳುತ್ತೇನೆಂದಳು.

“ಎರಡು ಖುರ್ಚಿ ಖಾಲಿ ಇದ್ದವು, ಅಜ್ಜಾರ. ಒಂದರಾಗ ನಾ ಕುಂತೆ. ಇನ್ನೊಂದರ ಮ್ಯಾಲೆ ವರ್ಷಗಟ್ಟಲೆ ಹಳೇ ಫೈಲ್ ಇಡ್ತಿದ್ದರು.”